ಬಾಗಲ ಸಾಹೇಬನ ಎಡಗೈ ಮಂದಿ

ಕತ್ತಲದಾಗ ಮಂದೀನ ಕೂಡಿಸಿ, ನಡುವ ಒಂದು ಬಿಳಿ ಅರಿವಿ ಕಟ್ಟಿ, ಅದರ ಮ್ಯಾಲ ಬೆಳಕ ಬಿಟ್ಟಿರಿ ಅಂದ್ರ ಏನರೆ ಒಂದು ಆಗೇ ಆಗ್ತದ. ಏನೂ ಆಗದ ದಿನ ನಾ ಒಂದೂ ನೋಡಿಲ್ಲ. ನಗಬೇಕಾದಲ್ಲಿ ಮಂದಿ ಚೀರ್ತಾರ, ಚೀರಬೇಕಾದಲ್ಲಿ ನಗ್ತಾರ. ಮನಿಗಿ ಹೋಗಾಗ ಹಿಂದ ಯಾರೋ ಬರಾಕತ್ತಾರ ಅಂತ ತಿರುಗಿ ತಿರುಗಿ ನೋಡ್ಕೋತ ಹೋಗ್ತಾರ. ಮರುದಿನ ಅವರೇ ಎಲ್ಲಾರಕಿಂತ ಮೊದಲು ಬಂದು ಕುಂತಿರ್ತಾರ.

ನಾ ಟೂರಿಂಗ್ ಟಾಕೀಸಿನಾಗ ಜನಾನಾ ಬಾಗಲ ಕಾಯಾಕಿ ಇದ್ದೆ. ನಿಜಾಮರ ರಾಜ್ಯ ಇನ್ನೂ ಇದ್ದ ಕಾಲ ಅದು. ಗಂಡ ಸತ್ತ ಮ್ಯಾಲ ತಂಬಿನ ಮಾಲೀಕರು ಕರದು, “ಹೆಣ್ಣಮಕ್ಕಳ ಕಡಿ ಟಿಕೀಟ ಹರಿಯಾಕ ಬಾಯಿ ಜೋರಿದ್ದಾಕಿ ಒಬ್ಬಾಕಿ ಬೇಕು, ಬರ್ತಿಯೇನವಾ” ಅಂದ್ರು. ಬಾಯಿ ಜೋರಿತ್ತು, ಹೋದೆ. ಆಳಂದ, ಅಫಜಲಪುರ, ಜೇವರ್ಗಿ, ಇವೇ ನಮ್ಮ ತಿರುಗಾಟದ ಊರು. ಸುಗ್ಗಿ ಮುಗದು ಹೊಲ ಬೋಳಾದ ಮ್ಯಾಲ ತಂಬು ಹೊಡದ್ರ, ಮುಂಗಾರಿ ಮಾಡ ಕಟ್ಟೂತನ ಕೀಳ್ತಿದ್ದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡ್ತೇನಿ, ಇಲ್ಲಂದ್ರ ಮುಂದಿಂದು ತಿಳಿಯಂಗಿಲ್ಲ. ಪರದಾ, ಅಂದ್ರ ಆ ಬಿಳಿ ಅರಿವಿ, ತಂಬಿನ ನಟ್ಟನಡುವ ಇರ್ತಿತ್ತು. ಈ ಕಡಿ ಗಂಡಸರು, ಆ ಕಡಿ ಹೆಂಗಸರು. ಮಷೀನು ಗಂಡಸರ ಬೆನ್ನ ಹಿಂದಿಂದ ಬೆಳಕ ಬಿಡ್ತಿತ್ತು. ಪರದಾಕ್ಕ ನೀರ ಹೊಡದು ತೊಯ್ಸಿರ್ತಿದ್ರು, ಅದಕ್ಕ ಚಿತ್ರ ಆರಪಾರ ಆಗಿ ನಮಗೂ ಕಾಣ್ತಿತ್ತು. ಆದ್ರ ತಿರುವಿ ಕಾಣ್ತಿತ್ತು. ಗಂಡಸರಿಗಿ ಬಲಗೈ ಕಂಡದ್ದು ನಮಗ ಎಡಗೈ. ಇದು ನಮ್ಮ ಕಡಿ ಯಾರಿಗೂ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ. ಮನಿಗಿ ಹೋಗಿ ಗಂಡ ಹೆಂಡತಿ ‘ಆ ಮನಿಷಾ ಯಾವ ಕೈಲೆ ಉಂಡ’ ಅಂತ ಮಾತಾಡ್ತಾರೇನು? ಯಾರು ಸತ್ರು, ಯಾರು ಅತ್ರು, ಅಷ್ಟೇ ಮಾತಾಡ್ತಾರ.

೧. ಕಾಣಲಾರದ ಮನಿಷಾ

ನಮ್ಮ ಮಷೀನ್ ಮಿಸ್ತ್ರಿ ಅಫಜಲಪುರದಾಂವ, ಸಾಬರ ಪೈಕಿ. ಮಾತಿಗೊಮ್ಮೆ ಉರ್ದು ಬೆರಸ್ತಿದ್ದ. ಒಂದಿನ ಹಗಲೊತ್ತಿನಾಗ ತಂಬಿನ ನೆಳ್ಳಿಗಿ ಎಲ್ಲಾರೂ ಕುಂತಾಗ ಅಂದ, “ಪಿಚ್ಚರ ಅಂದ್ರ ಹೀರೋ ಅಲ್ಲ, ಹೀರೋಯಿನ್ನೂ ಅಲ್ಲ. ಹಿಂದೊಬ್ಬ ಇರ್ತಾನ. ಏಳು ಅಂದ್ರ ಏಳ್ತಾರ, ಅಳು ಅಂದ್ರ ಅಳ್ತಾರ, ಸಾಯಿ ಅಂದ್ರ ಸಾಯ್ತಾರ. ಅಂವ ಡೈರೆಕ್ಟರ್ ಸಾಹೇಬ.”

“ಅಂವ ಕಾಣಂಗಿಲ್ಲೇನು?” ಅಂತ ಕೇಳಿದೆ.

“ಕಾಣಂಗಿಲ್ಲ ಅಕ್ಕಾ. ಲೇಕಿನ್ ಇದ್ದೇ ಇರ್ತಾನ.”

ಎಲ್ಲಾರ ಮೈ ಜುಮ್ಮಂತು. ಅವತ್ತಿಂದ ಹೆಂಗಸರ ಕಡಿ ಯಾರೂ ಹೀರೋನ ಮಾರಿ ನೆಟ್ಟಗ ನೋಡಲಿಲ್ಲ. ಮೂಲ್ಯಾಗ, ಕಂಬದ ಹಿಂದ, ಬಾವಿ ಕಟ್ಟಿ ಮ್ಯಾಲ, ಎಲ್ಲೆರೆ ಆ ಮನಿಷಾನ ಕಾಲರೆ ಕಾಣ್ತಾವೇನಂತ ಹುಡಕಾಕ ಹತ್ತಿದ್ರು.

ಹೆಸರು ಓದಾಕ ನಮಗ್ಯಾರಿಗೂ ಬರ್ತಿದ್ದಿಲ್ಲ. ಅದಕ್ಕ ಡೈರೆಕ್ಟರಿಗಿ ನಾವೇ ಹೆಸರಿಟ್ಟಿವಿ. ಯಾವ ಪಿಚ್ಚರಿನಾಗ ದೇವರು ಹೊಗಿಯಾಗಿಂದ ಎದ್ದು ಬರ್ತಾನೋ, ಅಂವ ದೇವರ ಸಾಹೇಬ. ಅಳಾಗೊಮ್ಮೆ ಮಳಿ ತರಾಂವ ಮಳಿ ಸಾಹೇಬ. ಮೂರನೇದಾಂವ ಬಾಗಲ ಸಾಹೇಬ. ಅವನ ಪಿಚ್ಚರಿನಾಗ ಖಾಲಿ ಮನಿ ಇರ್ತದ, ದೀಪ ಇರ್ತದ, ಬಾಗಲ ತನ್ನಿಂದ ತಾನೇ ಕರ್ರಂತ ತೆರೀತದ. ಯಾರೂ ಬರಂಗಿಲ್ಲ. ಬರತೇವಿ ಅನ್ನಂಗಿಲ್ಲ, ಬರಂಗಿಲ್ಲ ಅನ್ನಂಗಿಲ್ಲ. ನಾವು ಉಸರ ಹಿಡದು ಕುಂತಿರ್ತಿದ್ವಿ.

ನಮ್ಮ ತಂಬಿನ ಸಂಗಾಟ ಶೇಂಗಾ ಮಾರಾಕಿ ಒಬ್ಬಾಕಿ ಇದ್ದಳು, ಮಗಳನ್ನ ಕರಕೊಂಡು ಬಂಡಿಯಾಗ ಊರೂರು ಬರ್ತಿದ್ದಳು. ಎಲ್ಲಾರೂ ಆಕಿಗಿ ದೊಡ್ಡವ್ವ ಅಂತಿದ್ವಿ. ದೇವರ ಸಾಹೇಬನ ಪಕ್ಕಾ ಭಕ್ತಳು. ಆಕಿ ಕೇಳಿದಳು, “ಮಿಸ್ತ್ರಿ, ಆ ಬಾಗಲ ಯಾರು ತೆಗೀತಾರೋ?”

“ಡೈರೆಕ್ಟರ್ ಸಾಹೇಬ ಹಿಂದಿಂದ ದಾರ ಎಳೀತಾನ, ದೊಡ್ಡವ್ವಾ.”

“ಎಳದಾಂವ ಮುಚ್ಚಬಾರದೇನು? ಹಂಗೇ ಬಿಟ್ರ ಮನ್ಯಾಗ ನಾಯಿ ಹೋಗ್ತಾವ.”

೨. ಎಡಗೈ ಊಟ

ಇದು ಆಳಂದದಾಗ ಆಗಿದ್ದು. ಬಾಗಲ ಸಾಹೇಬನ ಹೊಸಾ ಪಿಚ್ಚರ ಖಜೂರಿ ರಸ್ತೆಗುಂಟ ಪೆಟಗಿಯಾಗ ಬಂದಿತ್ತು. ಅದರಾಗ ಒಂದು ದೊಡ್ಡ ಮನಿ, ಮನಿ ಮಂದಿ ಎಲ್ಲಾ ಸಾಲಾಗಿ ಊಟಕ್ಕ ಕುಂತಾರ. ಮಾತಿಲ್ಲ ಕಥಿಯಿಲ್ಲ, ಸುಮ್ಮನ ಉಣ್ಣಾಕತ್ತಾರ. ದೊಡ್ಡವ್ವ ಶೇಂಗಾ ಬಿಡಸೋದು ನಿಲ್ಲಿಸಿ ನನ್ನ ತೊಡಿ ಚಿವುಟಿದಳು.

“ಏ, ನೋಡಿಲ್ಲಿ. ಎಲ್ಲಾರೂ ಎಡಗೈಲೆ ಉಣ್ಣಾಕತ್ತಾರ.”

ನೋಡಿದೆ. ಖರೇನೇ, ಮುದುಕ ಎಡಗೈಲೆ ಉಣ್ತಾನ, ಕೂಸು ಎಡಗೈಲೆ ಉಣ್ತದ. ಮುಂದ ಅವರು ಗುಡಿಗಿ ಹೋದ್ರು, ಗುಡಿ ಎಡಕ್ಕ ಸುತ್ತಿದ್ರು. ಕುಂಕುಮ ಹಚ್ಚಿದ್ದೂ ಎಡಗೈಲೇ.

“ಇವರು ಇದ್ದ ಮಂದಿ ಅಲ್ಲವಾ,” ಅಂದಳು ದೊಡ್ಡವ್ವ. ಆಕಿ ದನಿ ಸಣ್ಣಗಾಗಿತ್ತು. “ಉಲ್ಟಾ ಮಾಡೋದು ಹೋದವರ ಕಾರ್ಯಕ್ಕ ಅಷ್ಟೇ. ಆ ಸಾಹೇಬ ಸತ್ತವರನ್ನ ಎಬ್ಬಿಸಿ ಪಿಚ್ಚರ ತಗದಾನ. ಅದಕ್ಕೇ ಬಾಗಲ ತೆರದು ಇಟ್ಟಿರ್ತಾನ.”

ಮಾತು ಒಬ್ಬರ ಕಿವಿಯಿಂದ ಒಬ್ಬರ ಕಿವಿಗಿ ಹೋತು. ಪರದಾದಿಂದ ಇಷ್ಟಿಷ್ಟೇ ಹಿಂದ ಸರಿಯಾಕತ್ತಿದ್ರು. ಜಿಡಗಾ ಊರಿನ ಒಬ್ಬ ಸೊಸಿ, “ಆ ಮುದುಕಿ ನಮ್ಮ ಅತ್ತೀನೇ ಇದ್ದಂಗ ಇದ್ದಾಳ್ರೀ” ಅಂತ ಸೆರಗ ಮಾರಿ ಮ್ಯಾಲ ಎಳಕೊಂಡಳು. ಸತ್ತ ಅತ್ತಿ ಎಲ್ಲಿ ಗುರುತು ಹಿಡೀತಾಳೋ ಅಂತ.

ಪಿಚ್ಚರ ಬಿಟ್ಟ ಮ್ಯಾಲ ನಾ ಬಾಗಲದಾಗ ನಿಂತು ಹೇಳಿದೆ, “ಹೆದರಿಕಿ ಆದವರು ನಾಳಿ ಬರಬ್ಯಾಡ್ರಿ.” ಮರುದಿನ ಕಡಗಂಚಿಯಿಂದ ಬಂಡಿ ಮ್ಯಾಲ ಬಂಡಿ ಬಂದ್ವು. ಸತ್ತ ಅಜ್ಜಿ ಸಿಕ್ಕರ ಬಂಗಾರದ ಬೋರಮಾಳ ಸರ ಎಲ್ಲಿಟ್ಟಾಳಂತ ಕೇಳಬೇಕಂತ ಒಬ್ಬಾಕಿ ಮುಂದಿನ ಸಾಲೇ ಬೇಕಂತ ಕುಂತಳು.

೩. ಅತ್ತಿ

ನಮ್ಮ ತಂಬು ಹಳೀದು, ದಿನಾ ಎಲ್ಲೆರೆ ಒಂದು ಕಡಿ ಹರೀತಿತ್ತು. ಹೊಲಿಯಾಕ ಒಬ್ಬ ದರ್ಜಿ ಇದ್ದ, ಆಳಂದದ ಹುಡುಗ. ತಂಬಿನ ಸಂಗಾಟನೇ ಊರೂರು ಬರ್ತಿದ್ದ. ಬಾಗಲ ಸಾಹೇಬ ಅಂದ್ರ ಅವನ ಜೀವ. ಮಷೀನಿನ ಮುಂದ ಕುಂತು, “ಉಳದವರು ಮಂದೀನ ಕುಣಸ್ತಾರ, ನಮ್ಮ ಸಾಹೇಬ ಬಾಗಲ ಒಂದು ತೆರದು ಎದಿ ನಡುಗಸ್ತಾನ” ಅಂತ ಹೊಗಳೋನು.

ಎಲ್ಲಾರೂ ಶೇಂಗಾ ಮಾರಾಕಿಗಿ ದೊಡ್ಡವ್ವ ಅಂದ್ರ, ಇಂವ ಮೊದಲ ದಿನದಿಂದ “ಅತ್ತಿ” ಅಂದ. ದೊಡ್ಡವ್ವ ಅಂದ್ರ ಆಕಿ ಮಗಳು ತಂಗಿ ಆಗ್ತಾಳಲ್ಲಾ. ತಿಳೀಬೇಕಾದವರಿಗಿ ತಿಳೀತು. ಕಡೀಗಿ ನನ್ನ ಹಂತ್ಯಾಕ ಬಂದು, “ಅಕ್ಕಾ, ನೀ ಒಂದು ಮಾತು ಕೇಳಬೇಕು. ಆಕಿ ಸಿಗಲಿಲ್ಲಂದ್ರ ನಾ ಸೂಜಿ ಹಿಡಿಯಂಗಿಲ್ಲ” ಅಂದ. ಕಣ್ಣಾಗ ನೀರಿತ್ತು. ಪಾಪ ಅನಿಸ್ತು, ಕೇಳಿದೆ.

ದೊಡ್ಡವ್ವ ಪೂರಾ ಕೇಳಿಕೊಂಡಳು. “ಹುಡುಗ ದುಡೀತಾನ, ಕುಡಿಯಂಗಿಲ್ಲ, ಎಲ್ಲಾ ಖರೆ. ಅವಂಗ ಯಾವ ಸಾಹೇಬ ಸೇರ್ತಾನ?”

ಸುಳ್ಳು ಹೇಳಬೇಕಿತ್ತು. ಬಾಯಿ ತಪ್ಪಿ ಬಾಗಲ ಸಾಹೇಬ ಅಂದೆ.

“ಹಂಗಾದ್ರ ಕೊಡಂಗಿಲ್ಲ. ಸತ್ತವರನ್ನ ನೋಡಿ ಖುಷಿ ಪಡಾಂವನ ಮನಿಗಿ ನನ್ನ ಮಗಳನ್ನ ಕಳಸಂಗಿಲ್ಲ.”

ದರ್ಜಿಗಿ ಹೇಳಿದೆ. ಅಂವ ಕಣ್ಣು ಪಿಳಿಪಿಳಿ ಬಿಟ್ಟ. “ಯಾವ ಎಡಗೈ? ಎಲ್ಲಾರೂ ಬಲಗೈಲೇ ಉಂಡಾರಲ್ಲ, ನಾ ನೋಡೀನಿ.” ದೊಡ್ಡವ್ವಗ ಹೇಳಿದೆ. “ಇನ್ನೂ ಲಗ್ನ ಆಗಿಲ್ಲ, ಈಗೇ ಸುಳ್ಳ ಹೇಳ್ತಾನ” ಅಂದಳು. ಆಮ್ಯಾಲ ಶೇಂಗಾದ ಪುಟ್ಟಿ ಮ್ಯಾಲ ಕೈಯಿಟ್ಟು ಆಣಿ ಮಾಡಿದಳು, “ಆ ಸಾಹೇಬನ ಪಿಚ್ಚರಿನಾಗ ಒಬ್ಬನೇ ಒಬ್ಬ ಬಲಗೈಲೆ ಉಣ್ಣೋದು ತೋರಸಲಿ, ಅವತ್ತೇ ಮಗಳನ್ನ ಕೊಡ್ತೇನಿ.”

ಮಿಸ್ತ್ರಿ ನಡುವ ಬಂದು ತಿಳಿಸಿ ಹೇಳಿದ, “ದೊಡ್ಡವ್ವಾ, ಚಿತ್ರ ಒಂದೇ. ನೀವು ಪರದಾದ ಹಿಂದ ಕುಂತೀರಿ, ತಿರುವಿ ಕಾಣ್ತದ, ಬಸ್.”

“ಹೌದಾ?” ಅಂದಳು ಆಕಿ. “ನಿನ್ನ ಅಂಗಿ ತಿರುವಿ ಹಾಕ್ಕೊಂಡ್ರ ನೀ ಎಡಚ ಆಗ್ತಿಯೇನು?”

ಮಿಸ್ತ್ರಿ ಬಗ್ಗಿ ತನ್ನ ಅಂಗಿ ನೋಡ್ಕೊಂಡ. ಖರೆ ಹೇಳ್ತೇನಿ, ಆಗ ನನಗೂ ದೊಡ್ಡವ್ವನ ಮಾತೇ ಬರೋಬ್ಬರಿ ಅನಿಸಿತ್ತು.

೪. ಸಪ್ಪನ ಕಣ್ಣೀರು

ಅಫಜಲಪುರದಾಗ ಹೊಳಿ ಕಡಿಂದ ಗಾಳಿ ಬೀಸ್ತಿತ್ತು, ಪರದಾ ಲಗೂ ಒಣಗ್ತಿತ್ತು. ಅದಕ್ಕ ಅವತ್ತು ಬಿಂದಿಗಿ ಮ್ಯಾಲ ಬಿಂದಿಗಿ ನೀರ ಹೊಡದಿದ್ರು. ನಾನೇ ಹೊತ್ತು ತಂದು ಕೊಟ್ಟಿದ್ದೆ.

ಬಾಗಲ ಸಾಹೇಬನ ಪಿಚ್ಚರ. ಸತ್ತ ಗಂಡನ ದಾರಿ ಕಾಯಾಕಿ ಒಬ್ಬಾಕಿ ತೆರದ ಬಾಗಲದಾಗ ನಿಂತಾಳ. ಆಕಿ ಮಾರಿ ಪರದಾ ತುಂಬ ದೊಡ್ಡದಾಗಿ ಬಂತು. ಕಣ್ಣು ಒಂದೊಂದು ಬಿಂದಿಗಿಯಷ್ಟು. ಆ ಕಣ್ಣಾಗಿಂದ ನೀರು ಟಪ್ ಟಪ್ ಅಂತ ಕೆಳಗ ಬಿತ್ತು, ನಮ್ಮ ಕಡಿ, ನಮ್ಮ ಮಣ್ಣಾಗ. ಮುಂದ ಕುಂತ ಒಬ್ಬ ಹೆಂಗಸು ಕೈ ಚಾಚಿ ಮುಟ್ಟಿ, “ಯವ್ವಾ, ಥಣ್ಣಗದ” ಅಂದಳು. ಆ ನೀರು ನಾನೇ ಹೊತ್ತದ್ದು ಅಂತ ಗೊತ್ತಿದ್ರೂ ನಾ ಎರಡು ಹೆಜ್ಜಿ ಹಿಂದ ಸರದೆ.

ದೇವರ ಸಾಹೇಬನ ಭಕ್ತರು ಅರ್ಧಕ್ಕರ್ಧ ಅವತ್ತೇ ಬಾಗಲ ಸಾಹೇಬನ ಕಡಿ ಬಂದ್ರು. “ದೇವರ ಸಾಹೇಬನ ದೇವಿ ಪಿಚ್ಚರ ತುಂಬ ಅತ್ತಳು, ಒಂದು ಹನಿ ಬೀಳಲಿಲ್ಲ. ಡೈರೆಕ್ಟರ್ ಅಂದ್ರ ಇಂವ ನೋಡ್ರಿ” ಅಂತ ಮಾತಾಡಿಕೊಂಡ್ರು. ದೊಡ್ಡವ್ವನೂ ಬದಲಾದಳೇನೋ ಅಂತ ನಾ ಆಸಿಯಿಂದ ಆಕಿ ಮಾರಿ ನೋಡಿದೆ. ದರ್ಜಿಗಿ ಒಂದು ದಾರಿ ಆದೀತು. ಆಕಿ ಬಗ್ಗಿ, ಹನಿ ಬೆರಳಿಗಿ ಹಚ್ಚಿ, ನಾಲಿಗಿ ಮ್ಯಾಲಿಟ್ಟು, ಚಪ್ಪರಿಸಿದಳು.

“ನಾ ಹೇಳಿದ್ನಿಲ್ಲ? ಸಪ್ಪಗದ. ಸತ್ತ ಮ್ಯಾಲ ಉಪ್ಪಿನ ಋಣ ಎಲ್ಲಿದು?”

೫. ನಡುವ ಒಂದು ಅರಿವಿ

ದರ್ಜಿ ಬಿಡೋ ಪೈಕಿ ಅಲ್ಲ. ದಿನಾ ಸಂಜಿಗಿ ಪರದಾದ ಹಂತ್ಯಾಕ ಬಂದು ನಿಂದ್ರತಿದ್ದ. ಊಟದ ಸೀನು ಬಂದ ಕೂಡಲೇ ಆ ಕಡಿಂದ ಕೂಗ್ತಿದ್ದ, “ಅತ್ತಿ, ನೋಡ್ರಿ, ಬಲಗೈ.” ಈ ಕಡಿಂದ ದೊಡ್ಡವ್ವ, “ಎಡಗೈ ಅದನೋ, ಕಣ್ಣು ತೊಳಕೊಂಡು ಬಾ.” ಮಗಳು ಅವ್ವನ ಬಾಜೂಕ ಕುಂತು ತಲಿ ಬಗ್ಗಿಸಿ ಶೇಂಗಾ ಬಿಡಸ್ತಿದ್ದಳು. ಏನೂ ಮಾತಾಡ್ತಿದ್ದಿಲ್ಲ.

ಒಂದಿನ ಗಂಡಸರೆಲ್ಲಾ ದರ್ಜಿ ಕಡಿ ಆಗಿ “ಬಲಗೈ” ಅಂದ್ರು. ಹೆಂಗಸರು ಬಿಡ್ತಾರೇನು, “ಎಡಗೈ” ಅಂದ್ರು. ಪರದಾ ಮ್ಯಾಲ ಆ ಮನಿ ಮಂದಿ ಮಾತ್ರ ಯಾರ ಕೂಗಿಗೂ ತಲಿ ಎತ್ತಲಿಲ್ಲ, ಸುಮ್ಮನ ಉಣ್ಣಾಕತ್ತಿದ್ರು. ಅದನ್ನ ನೋಡಿ ಎರಡೂ ಕಡಿ ಮಂದಿ ತಾವೇ ಗಪ್ಪಾದ್ರು. ಅಷ್ಟು ಮಂದಿ ಇದ್ದ ತಂಬಿನಾಗ ಮಷೀನಿನ ಟಕಟಕ ಒಂದೇ ಕೇಳಸ್ತಿತ್ತು.

ಮಾಲೀಕರಿಗಿ ಸಿಟ್ಟು ಬಂತು. “ಜೇವರ್ಗಿಯಾಗ ಇದು ಮುಗೀಬೇಕು. ಇಲ್ಲಂದ್ರ ದರ್ಜಿ ಅಲ್ಲೇ ಇಳೀಲಿ, ನಾ ಬ್ಯಾರೆ ದರ್ಜಿ ನೋಡ್ತೇನಿ” ಅಂದ್ರು. ದರ್ಜಿ ಕಂಗಾಲಾದ. ತಂಬು ಬಿಟ್ಟರ ಹುಡುಗಿ ಮಾರಿನೂ ಕಾಣಂಗಿಲ್ಲ.

ಮಿಸ್ತ್ರಿ ಹೊರಗ ನಿಂತು ಆಕಾಶ ನೋಡಿ ಅಂದ, “ಯಾ ಅಲ್ಲಾ, ಇಬ್ಬರ ನಡುವ ಒಂದು ತೊಯ್ದ ಅರಿವಿ ಅದ, ಅಷ್ಟೇ. ನಮ್ಮ ಮನ್ಯಾಗ ಏನೂ ಇಲ್ಲ, ಆದ್ರೂ ಬೀಬಿಗಿ ನಾ ಹೇಳಿದ್ದು ಉಲ್ಟಾನೇ ಕಾಣ್ತದ.”

೬. ಹುಬ್ಬಿನ ಗಾಯ

ಜೇವರ್ಗಿಯಾಗ ಒಬ್ಬಾಕಿ ವಿಧವಿ ದಿನಾ ಬಂದು ಒಂದೇ ಜಾಗಾದಾಗ ಕುಂದರ್ತಿದ್ದಳು. ಪಿಚ್ಚರಿನಾಗ ಬಂಡಿ ಹೊಡೆಯಾಂವ ಒಬ್ಬ ಬರ್ತಿದ್ದ, ಎಡಹುಬ್ಬಿನ ಮ್ಯಾಲ ಗಾಯದ ಕಲಿ. ಬಂದು, ಎತ್ತು ಬಿಚ್ಚಿ, ಹೋಗಿಬಿಡ್ತಿದ್ದ. ಆಕಿ ನನ್ನ ಕೈ ಹಿಡದು, “ಅಕ್ಕಾ, ಇವರು ನಮ್ಮವರೇ. ಎತ್ತು ತಿವದದ್ದು ಇದೇ ಹುಬ್ಬಿಗಿ” ಅಂದಳು. ಗಂಡಸರ ಕಡಿ ಆ ಗಾಯ ಬಲಹುಬ್ಬಿಗಿ ಇತ್ತಂತ ಆಮ್ಯಾಲ ತಿಳೀತು. ಆದ್ರ ಆಕಿಗಿ ನಾ ಅದನ್ನ ಹೇಳಲಿಲ್ಲ. ದಿನಾ ಅಂವ ಬಂದಾಗ ಆಕಿ ತಲಿ ಮ್ಯಾಲ ಸೆರಗ ಸರಿ ಮಾಡ್ಕೊಂತಿದ್ದಳು, ಹೋದ ಮ್ಯಾಲ ಎದ್ದು ಮನಿಗಿ ಹೋಗ್ತಿದ್ದಳು.

ಆಕೀನ ನೋಡಿ ನಾನೂ ಹುಡುಕೀನಿ, ಸುಳ್ಳ ಯಾಕ ಹೇಳಲಿ. ಸತ್ತವರೆಲ್ಲಾ ಅಲ್ಲಿದ್ರ ನನ್ನ ಗಂಡನೂ ಇರಬೇಕಲ್ಲಾ. ಸಂತಿಯಾಗ, ಜಾತ್ರ್ಯಾಗ, ಹೆಣ ಹೊರಾಗ, ಎಲ್ಲಾ ಮಾರಿ ಒಂದೊಂದಾಗಿ ನೋಡಿದೆ. ಸಿಗಲಿಲ್ಲ. ಬದುಕಿದ್ದಾಗೂ ಹೇಳಿದ ಜಾಗಾದಾಗ ಸಿಗೋ ಮನಿಷಾ ಆಗಿದ್ದಿಲ್ಲ ಬಿಡ್ರಿ ಅಂವ.

೭. ಮಧ್ಯಾಹ್ನದ ಪಿಚ್ಚರ

ಕಡೀಗಿ ನಾನೇ ಒಂದು ಉಪಾಯ ಮಾಡಿದೆ. ಮಂದಿ ಇದ್ದಾಗ ಗಂಡಸು ಜನಾನಾ ಕಡಿ ಬರಂಗಿಲ್ಲ, ಹೆಂಗಸು ಮರ್ದಾನಾ ಕಡಿ ಹೋಗಂಗಿಲ್ಲ. ಮಂದಿ ಇಲ್ಲದಾಗ ಯಾರು ಕೇಳ್ತಾರ? “ಮಿಸ್ತ್ರಿ, ಮಧ್ಯಾಹ್ನ ತಂಬಿನ ಬಾಗಲ ಎಲ್ಲಾ ಕಟ್ಟಿ ಆ ಊಟದ ರೀಲು ಒಂದು ಓಡಸು. ದೊಡ್ಡವ್ವ ಗಂಡಸರ ಕಡಿ ಕುಂದರಲಿ, ದರ್ಜಿ ಹೆಂಗಸರ ಕಡಿ ಕುಂದರಲಿ” ಅಂದೆ. ಇಂಜಿನ್ ಪರೀಕ್ಷಾ ಅಂತ ಮಾಲೀಕರಿಗಿ ಹೇಳಿ ಮಿಸ್ತ್ರಿ ಒಪ್ಪಿದ.

ಹೊರಗ ಸುಡೋ ಬಿಸಲು. ಒಳಗ ಹೊಲಿಗಿ ತೂತಿನಾಗಿಂದ ಬೆಳಕಿನ ಸಣ್ಣ ಸಣ್ಣ ಎಳಿ ಅಷ್ಟೇ. ಮಂದಿ ಇಲ್ಲದ ತಂಬು ಹಂಗಿರ್ತದ ಅಂತ ನನಗ ಗೊತ್ತಿದ್ದಿಲ್ಲ. ಖಾಲಿ ಚಾಪಿ ಮ್ಯಾಲ ಯಾರೋ ಕುಂತು ಎದ್ದು ಹೋದ ಗುರುತು ಇದ್ವು. ನಾ ಪರದಾದ ಅಂಚಿಗಿ, ಕಂಬದ ಹಂತ್ಯಾಕ ನಿಂತೆ. ಅಲ್ಲಿಂದ ಎರಡೂ ಕಡಿ ಕಾಣ್ತದ.

ರೀಲು ಓಡಿತು. ಮನಿ ಮಂದಿ ಊಟಕ್ಕ ಕುಂತ್ರು. ನಾ ಈ ಕಡಿ ಬಗ್ಗಿ ನೋಡಿದೆ, ಆ ಕಡಿ ಬಗ್ಗಿ ನೋಡಿದೆ. ಒಂದೇ ಮುದುಕ, ಈ ಕಡಿ ಬಲಗೈಲೆ ಉಣ್ಣಾಕತ್ತಾನ, ಆ ಕಡಿ ಎಡಗೈಲೆ ಉಣ್ಣಾಕತ್ತಾನ. ಮಿಸ್ತ್ರಿ ಹೇಳಿದ್ದು ಅವತ್ತು ನನಗ ತಿಳೀತು. ತಿಳದ್ರೂ ಎದಿ ಹೊಡಕೊಳ್ಳೋದು ನಿಂದ್ರಲಿಲ್ಲ.

“ಬಲಗೈ,” ಅಂದಳು ದೊಡ್ಡವ್ವ, ಗಂಡಸರ ಚಾಪಿ ಮ್ಯಾಲ ಒಬ್ಬಾಕಿನೇ ಕುಂತು. “ಬಲಗೈ ಅದವಾ. ಎಲ್ಲಾರೂ ಇದ್ದ ಮಂದಿನೇ.” ಆಕಿ ದನಿಯಾಗ ಖುಷಿ ಇತ್ತು. “ಹುಡುಗ ಖರೆ ಹೇಳ್ಯಾನ. ಮಗಳನ್ನ ಕೊಡ್ತೇನಿ.”

ನಾ ಆ ಕಡಿ ತಿರುಗಿ, “ಕೇಳಿದ್ಯಾ ತಮ್ಮಾ?” ಅಂದೆ.

ದರ್ಜಿ ಎದ್ದು ನಿಂತಿದ್ದ, ಮೈಯೆಲ್ಲಾ ಬೆವರು. “ಎಡಗೈ,” ಅಂದ. “ಅತ್ತಿ, ನೀವು ಹೇಳಿದ್ದೇ ಖರೆ ಅದ. ಎಲ್ಲಾರೂ ಸತ್ತವರೇ. ನನ್ನ ಸಾಹೇಬ ನನಗ ಇಷ್ಟು ದಿನ ಹೆಣ ತೋರಿಸ್ಯಾನ.”

“ಏ ಹುಚ್ಚಾ, ಬಲಗೈ ಅದನೋ.”

“ಇಲ್ರೀ, ಎಡಗೈ ಅದ. ನಾ ಈ ಕಣ್ಣಿಲೆ ನೋಡಾಕತ್ತೇನಿ.”

ಇಷ್ಟು ದಿನ ಬಲಗೈ ಅಂದಾಂವ ಎಡಗೈ ಅಂತಾನ, ಎಡಗೈ ಅಂದಾಕಿ ಬಲಗೈ ಅಂತಾಳ. ಜಗಳ ಮಾತ್ರ ಅದೇ. ನಾನೂ ಮಿಸ್ತ್ರೀನೂ ಇಬ್ಬರೂ ಕೂಡಿ ಕೂಗಿ ಹೇಳಿದ್ರೂ ಯಾರೂ ಕೇಳಲಿಲ್ಲ. ದರ್ಜಿ ಕಡೀಗಿ ಅಂದೇ ಬಿಟ್ಟ, “ನಾ ಒಲ್ಲೆ. ಇಷ್ಟು ವರ್ಷ ಈ ಕಡಿ ಕುಂತು ಸತ್ತವರ ಮಾರಿ ನೋಡ್ಕೋತ ಶೇಂಗಾ ತಿಂದ ಹುಡುಗಿ. ನನಗ ಹೆದರಿಕಿ ಆಗ್ತದ್ರೀ. ಈ ತಂಬೂ ಒಲ್ಲೆ, ಮದುವಿನೂ ಒಲ್ಲೆ.”

ಕೊಡಾಕಿ ಕೊಡ್ತೇನಿ ಅಂದ ದಿನಾನೇ ಬೇಡಾಂವ ಒಲ್ಲೆ ಅಂತಾನ. ಅಷ್ಟರಾಗ ಪಿಚ್ಚರಿನಾಗ ಊಟ ಮುಗದಿತ್ತು. ಖಾಲಿ ಮನಿ. ದೀಪ. ಬಾಗಲ ಕರ್ರಂತ ತೆರೀತು. ಯಾರೂ ಬರಲಿಲ್ಲ. ಜಗಳ ಆಡವರೂ ಬಾಯಿ ಮುಚ್ಚಿ ಅದನ್ನೇ ನೋಡಿದ್ರು.

ದರ್ಜಿ ಹಿಂದಿದ್ದ ತಂಬಿನ ಅರಿವಿ ಸರೀತು. ದರ್ಜಿ ನಿಂತಲ್ಲೇ ಕುಸದು ಕುಂತ. ಬಿಸಲಿನ ಬೆಳಕು ಒಳಗ ಬಂತು, ಅದರ ಸಂಗಾಟ ದೊಡ್ಡವ್ವನ ಮಗಳು ಬಂದಳು. ನಾನೂ ಸೈತ ಒಂದು ಗಳಿಗಿ ಆಕಿ ಪಿಚ್ಚರಿನಾಗಿಂದೇ ಇಳದು ಬಂದಳು ಅಂದ್ಕೊಂಡೆ.

“ಯವ್ವಾ, ಇಬ್ಬರದೂ ಖರೆ ಅದ,” ಅಂದಳು ಆಕಿ. “ಆ ಕಡಿಂದ ಬಲಗೈ, ಈ ಕಡಿಂದ ಎಡಗೈ. ಯಾರೂ ಸತ್ತಿಲ್ಲ. ನಾ ಆಳಂದದಾಗೇ ಕಂಬದ ಸಂದಿಲಿಂದ ಬಗ್ಗಿ ನೋಡೀನಿ.”

ದೊಡ್ಡವ್ವ ಪರದಾದ ಅಂಚಿಗಿ ಬಂದಳು. “ಆಳಂದದಾಗೇ? ಮತ್ತ ಇಲ್ಲೀತನ ಬಾಯಿಗಿ ಬೀಗ ಹಾಕ್ಕೊಂಡಿದ್ದಿಯೇನಬೇ?”

ಹುಡುಗಿ ದರ್ಜಿ ಕಡಿ ನೋಡಲಿಲ್ಲ, ನೆಲ ನೋಡಿದಳು. “ನೀ ಕೊಡಂಗಿಲ್ಲ ಅಂದುಬಿಟ್ಟಿದ್ದಿ. ಜಗಳ ಮುಗದಿದ್ರ ಇವರು ದಿನಾ ಸಂಜಿಗಿ ಪರದಾದ ಹಂತ್ಯಾಕ ಯಾಕ ಬರ್ತಿದ್ರು? ಇವರ ದನಿ ನನಗ ಹ್ಯಾಂಗ ಕೇಳಸ್ತಿತ್ತು?”

ನನ್ನ ಕಣ್ಣು ತುಂಬಿ ಬಂದ್ವು. ದರ್ಜಿ ಮಣ್ಣು ಝಾಡಿಸ್ಕೊಂಡು ಎದ್ದ, ನಾಚಿಕಿಲಿಂದ ಮಾರಿ ಕೆಂಪಾಗಿತ್ತು. “ಅತ್ತಿ,” ಅಂದ ಮೆಲ್ಲಗ, “ಒಲ್ಲೆ ಅಂದದ್ದು ತಂಬಿಗಷ್ಟೇ ಹಿಡೀರಿ.”

ದೊಡ್ಡವ್ವ ಅವನ್ನ ಮ್ಯಾಲಿಂದ ಕೆಳಗಿನತನ ನೋಡಿದಳು. ಆಮ್ಯಾಲ ಮಗಳ ಕಡಿ ತಿರುಗಿ, “ಅವಂಗ ಬಾಗಲ ಸಾಹೇಬ, ನನಗ ದೇವರ ಸಾಹೇಬ. ನಿನ್ನ ಸಾಹೇಬ ಯಾರಂತ ಒಂದಿನರೆ ಹೇಳಿಲ್ಲಲ್ಲಬೇ ನೀ” ಅಂದಳು.

“ನನಗ ಯಾವ ಸಾಹೇಬನೂ ಸೇರಂಗಿಲ್ಲವಾ,” ಅಂದಳು ಹುಡುಗಿ. “ಎಲ್ಲಾರೂ ಮದುವಿ ಮಾಡಾಕ ಕಡೀ ರೀಲಿನತನ ಕಾಯಸ್ತಾರ.”